ನನ್ನ ಓರಗಿತ್ತಿ ಹೊಲಿದ ಹಾಯಿ

ನನ್ನ ಓರಗಿತ್ತಿಯ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ ಹತ್ತಿರವಾಗಿ, ಹುಣಸೆ ಬೀಜದಷ್ಟು ದಪ್ಪದ ಒಂದು ಜಡ್ಡು ಇತ್ತು. ದಬ್ಬಳವನ್ನು ಅಲ್ಲಿಟ್ಟು ಒತ್ತಿ ಒತ್ತಿ ಕಟ್ಟಿದ ಜಡ್ಡು. ನಮ್ಮದು ತಾರ್ಪಾಲು ಹೊಲಿಯುವ ಮನೆ. ಗೋಣಿಚೀಲ ಹೊಲಿಯುವ ಆ ದಪ್ಪ ಸೂಜಿಯನ್ನು ಎರಡು ಮಡಿಕೆ ಕ್ಯಾನ್ವಾಸಿನೊಳಗೆ ತೂರಿಸಲು ಬೆರಳಿನ ಬಲ ಸಾಲದು, ಅಂಗೈಯಿಂದಲೇ ನೂಕಬೇಕು. ಅದಕ್ಕೆಂದೇ ನಾವೆಲ್ಲ ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದೆವು. ಅವಳು ಕಟ್ಟಿಕೊಳ್ಳುತ್ತಿರಲಿಲ್ಲ. ಪಟ್ಟಿ ಕಟ್ಟಿದರೆ ಬಟ್ಟೆ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ ಅಂತ ಕೈಗೆ ತಿಳಿಯುವುದಿಲ್ಲವಂತೆ. ಮನೆಗೆ ಬಂದವರು ಅವಳ ಕೈ ನೋಡಿ, ಕೆಲಸಗಾತಿಯ ಕೈ ಅಂದರೆ ಇದಪ್ಪ ಅನ್ನುವರು. ಅವಳಿಗಿಂತ ಒಂಬತ್ತು ವರ್ಷ ಮುಂಚೆ ಆ ಮನೆ ಹೊಸಿಲು ತುಳಿದವಳು ನಾನು. ನನ್ನ ಅಂಗೈ ಮಾತ್ರ ಮೆತ್ತಗೇ ಉಳಿದಿತ್ತು. ಇನ್ನೊಬ್ಬಳ ಕೈಯ ಜಡ್ಡು ಕಂಡು ಹೊಟ್ಟೆ ಉರಿದುಕೊಂಡ ಹೆಂಗಸು ಈ ಲೋಕದಲ್ಲಿ ನನ್ನನ್ನು ಬಿಟ್ಟು ಬೇರೆ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ಕಾಫಿ ಮಾಡಿ ಕೊಡುತ್ತೇನೆ.

ಕೊಳ್ಳೇಗಾಲ ಅಂದರೆ ಎಲ್ಲರಿಗೂ ರೇಷ್ಮೆಯೇ ನೆನಪಾಗುವುದು. ನಮ್ಮ ಬೀದಿಯಲ್ಲೂ ಮಗ್ಗದ ಸದ್ದೇ. ನಡುವೆ ನಮ್ಮದೊಂದು ಮನೆ ಮಾತ್ರ ಮೇಣ ಮತ್ತು ಒರಟು ಬಟ್ಟೆಯ ವಾಸನೆ ಹೊಡೆಯುತ್ತಿತ್ತು. ಸಕ್ಕರೆ ಲಾರಿ, ಅಕ್ಕಿ ಗಿರಣಿ, ಶಾಮಿಯಾನದವರು, ಎಲ್ಲರಿಗೂ ತಾರ್ಪಾಲು ಇಲ್ಲಿಂದಲೇ ಹೋಗುತ್ತಿತ್ತು. ಪಟ್ಟಿ ಪಟ್ಟಿ ಜೋಡಿಸುವ ಮಿಷನ್ ಕೆಲಸ ನನ್ನ ಗಂಡ ಮತ್ತು ಮೈದುನನದು. ಸುತ್ತಲಿನ ಅಂಚಿಗೆ ಹಗ್ಗ ಕೂರಿಸಿ ಕೈಯಲ್ಲಿ ಹೊಲಿಯುವುದು ಹೆಂಗಸರದು. ಮಾವನವರು ತೀರಿಕೊಂಡ ಮೇಲೆ ಮನೆಗೂ ಅಂಗಡಿಗೂ ಅತ್ತೆಯೇ ಯಜಮಾನಿ. ಅವರು ಜಗಲಿ ಮೇಲೆ ಕುಳಿತು, ಮುಗಿದ ತಾರ್ಪಾಲಿನ ಅಂಚನ್ನು ಬೆರಳಲ್ಲಿ ಸವರಿ, ಕಣ್ಣು ಮುಚ್ಚಿಕೊಂಡೇ ತಪ್ಪು ಹಿಡಿಯುವರು. ನಾನು ಮಾಂಬಳ್ಳಿಯವಳು, ಟೈಲರಿಂಗ್ ಸರ್ಟಿಫಿಕೇಟ್ ಹಿಡಿದುಕೊಂಡು ಬಂದ ಸೊಸೆ. ಒಂಬತ್ತು ವರ್ಷ ಅತ್ತೆಯ ಬೆರಳು ನನ್ನ ಹೊಲಿಗೆಯ ಮೇಲೆ ಎಲ್ಲೂ ನಿಲ್ಲದೆ ಓಡಿತು. ಆ ಒಂಬತ್ತು ವರ್ಷ ನಾನು ಆ ಮನೆಯ ರಾಣಿ.

ಆಮೇಲೆ ಮೈದುನನಿಗೆ ಲೊಕ್ಕನಹಳ್ಳಿಯಿಂದ ಹೆಣ್ಣು ತಂದರು.

ಕಾಡಂಚಿನ ಊರು. ಅವಳಪ್ಪನ ಹೊಲಕ್ಕೆ ವರ್ಷವೂ ಹಂದಿಯೋ ಆನೆಯೋ ನುಗ್ಗುತ್ತಿತ್ತಂತೆ. ರಾಗಿ ಬಣವೆಗೆ, ದನಗಳ ಮೈಗೆ, ಮನೆಯ ಸೂರಿಗೆ ಹರಿದ ಗೋಣಿಚೀಲಗಳನ್ನೇ ಜೋಡಿಸಿ ಹೊದಿಸುತ್ತಿದ್ದರಂತೆ. ಏಳನೇ ವಯಸ್ಸಿಗೇ ಕೈಗೆ ದಬ್ಬಳ ಬಂತು ಅಂತ ಅವಳೇ ಹೇಳುತ್ತಿದ್ದಳು. ಸರ್ಟಿಫಿಕೇಟ್ ಇಲ್ಲ, ಏನಿಲ್ಲ. ಬಂದ ಮೂರನೇ ದಿನ ಅತ್ತೆ ಪರೀಕ್ಷೆಗೆಂದು ಒಂದು ಮೊಳ ಹಗ್ಗ ಕೂರಿಸಲು ಕೊಟ್ಟರು. ಮುಗಿದದ್ದನ್ನು ಕಣ್ಣು ಮುಚ್ಚಿ ಸವರಿದರು. ಆಮೇಲೆ ಕಣ್ಣು ಬಿಟ್ಟು ನೋಡಿದರು. ನನ್ನ ಹೊಲಿಗೆಯನ್ನು ಅವರು ಕಣ್ಣು ಬಿಟ್ಟು ನೋಡಿದ್ದು ನನಗೆ ನೆನಪಿಲ್ಲ. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ, ತಲೆನೋವು ಅಂದೆ.

ಅವಳಲ್ಲಿ ನನಗೆ ಆಗದೇ ಇದ್ದದ್ದು ಒಂದೆರಡಲ್ಲ. ಹೊಲಿಯುವಾಗ ದಾರವನ್ನು ಮೇಣಕ್ಕೆ ಉಜ್ಜಿ ಹಲ್ಲಲ್ಲಿ ಕಚ್ಚಿ ನೋಡುವಳು. ಬೆಟ್ಟದ ಸೋಲಿಗರ ಒಬ್ಬ ಅಜ್ಜಿ ಯಳಂದೂರು ಸಂತೆಗೆ ಜೇನುಮೇಣ ತರುತ್ತಿತ್ತು. ಅದು ನಮಗೆಲ್ಲ ಹಳೇ ಮೇಣ ಕೊಟ್ಟು, ಇವಳಿಗೆಂದು ಹೊಸದನ್ನು ಎಲೆಯಲ್ಲಿ ಸುತ್ತಿ ಸೊಂಟದಲ್ಲಿ ಇಟ್ಟುಕೊಂಡಿರುತ್ತಿತ್ತು. ತಮಿಳುನಾಡಿನ ಲಾರಿ ಡ್ರೈವರುಗಳು ಬಂದರೆ ಇವಳು ಅವರ ಹತ್ತಿರ ತಮಿಳಲ್ಲೇ ಮಾತಾಡುವಳು. ಅವರು 'ತಂಗಚ್ಚಿ' ಅಂತ ಕರೆದು, ಮುಂದಿನ ಸಲ ಬರುವಾಗ ಮಲ್ಲಿಗೆ ಹೂ ತರುವರು. ಹತ್ತು ವರ್ಷ ಅದೇ ಡ್ರೈವರುಗಳಿಗೆ ಕಾಫಿ ಲೋಟ ಕೊಟ್ಟವಳು ನಾನು, ನನಗೊಂದು ಎಸಳು ಬಂದಿರಲಿಲ್ಲ. ಅವಳು ಅರ್ಧ ಹೂ ಮುರಿದು ನನ್ನ ಮುಡಿಗೆ ಇಡಲು ಬಂದರೆ ನನಗೆ ಇನ್ನಷ್ಟು ಮೈ ಉರಿಯುವುದು. ಕೊಡುವ ಕೈ ಅವಳದೇ ಆಯಿತಲ್ಲ.

ನಾನು ಸಿಟ್ಟಲ್ಲಿ ದಬ್ಬಳ ಮುರಿದುಕೊಂಡಾಗಲೆಲ್ಲ ಅವಳು ಒಂದು ಮಾತು ಹೇಳುವಳು. "ಬಟ್ಟೆ ಜತೆ ಜಗಳಾಡಬ್ಯಾಡ ಕಣಕ್ಕ. ಅದು ಸೋಲಾಕಿಲ್ಲ." ನಗುತ್ತಲೇ ಹೇಳುವಳು. ನನಗೆ ಅದು ಬುದ್ಧಿ ಹೇಳಿದ ಹಾಗೆ ಕೇಳಿಸುವುದು.

ಒಂದೇ ಒಂದರಲ್ಲಿ ನಾನು ಮುಂದಿದ್ದೆ. ನನಗೆ ಇಬ್ಬರು ಮಕ್ಕಳು, ಅವಳಿಗೆ ಇಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಅವಳ ಕೆಲಸವನ್ನು ಯಾರಾದರೂ ಹೊಗಳಿದ ದಿನ ನನ್ನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ, ಅವಳ ಕಣ್ಣೆದುರಿಗೇ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಅವತ್ತು ಆಗುತ್ತಿರಲಿಲ್ಲ.

ಹೀಗೇ ನಡೆಯುತ್ತಿದ್ದಾಗ ಹಡಗಿನವರು ಬಂದರು. ಕಡಲು ನಮ್ಮ ಊರಿಂದ ಒಂದು ದಿನದ ದಾರಿ. ನಮ್ಮ ಮನೆಯಲ್ಲಿ ಯಾರೂ ಅದನ್ನು ನೋಡಿದವರಲ್ಲ. ಕರಾವಳಿಯ ಒಂದು ಬಂದರಿನಲ್ಲಿ ಅಜ್ಜನ ಕಾಲದ ಒಂದು ಮರದ ಹಾಯಿಹಡಗನ್ನು ರಿಪೇರಿ ಮಾಡಿ ಮತ್ತೆ ನೀರಿಗೆ ಇಳಿಸುತ್ತಿದ್ದರಂತೆ. ಎಲ್ಲವೂ ಹಳೇ ಪದ್ಧತಿಯಲ್ಲೇ ಆಗಬೇಕು, ಹಾಯಿಯೂ ಹತ್ತಿ ಬಟ್ಟೆಯದೇ, ಕೈ ಹೊಲಿಗೆಯದೇ ಆಗಬೇಕು ಅಂತ ಹಟ. ಕುಂತೂರು ಕಡೆಯಿಂದ ಸಕ್ಕರೆ ಹೊತ್ತು ಆ ಬಂದರಿಗೆ ಹೋದ ಒಂದು ಲಾರಿಯ ತಾರ್ಪಾಲನ್ನು ಹಡಗಿನ ಕೆಲಸ ನೋಡಿಕೊಳ್ಳುವ ಸಾಹೇಬರು ಕಂಡರು. ಅಂಚಿನಲ್ಲಿ ಹಗ್ಗ ಕೂರಿಸಿದ ರೀತಿ ನೋಡಿ, ಡ್ರೈವರನನ್ನು ಕೇಳಿ, ನಮ್ಮ ಬೀದಿಗೇ ಬಂದುಬಿಟ್ಟರು. ಅವರು ಕಂಡ ಆ ತಾರ್ಪಾಲು ಯಾರ ಕೈಯದು ಅಂತ ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ.

ಎರಡು ಕಂಬದ ಹಡಗು, ಎರಡು ಹಾಯಿ. ಮೂರು ಮೂಲೆಯವು. ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದು ಅಂದರೂ ನಮ್ಮ ಮನೆಯ ಎರಡರಷ್ಟು. ಅದನ್ನು ಹರಡಲು ಜಾಗವೇ ಇರಲಿಲ್ಲ. ಕೊನೆಗೆ ಆಷಾಢ ನಮ್ಮ ಕೈ ಹಿಡಿಯಿತು. ಆಷಾಢದಲ್ಲಿ ಮದುವೆಗಳಿಲ್ಲ, ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರುತ್ತವೆ. ನನ್ನ ಗಂಡ ಹೋಗಿ ಗುರುತಿನವರ ಒಂದು ಮಂಟಪ ಕೇಳಿಕೊಂಡು ಬಂದರು. ಶ್ರಾವಣದ ಮೊದಲ ಮುಹೂರ್ತಕ್ಕೆ ಬಿಟ್ಟುಕೊಡಬೇಕು ಅಂತ ಮಾತು. ಊರಿನ ಹೊಸ ಮದುವಣಗಿತ್ತಿಯರೆಲ್ಲ ತವರಿಗೆ ಹೋಗಿದ್ದ ಆ ತಿಂಗಳು ನಾವಿಬ್ಬರೂ ಮಂಟಪದ ನೆಲದ ಮೇಲೆ ಎರಡು ಮೂಲೆಯಲ್ಲಿ ಕುಳಿತೆವು.

ಹಿರಿಸೊಸೆ ಅಂತ ದೊಡ್ಡ ಹಾಯಿ ನನಗೆ, ಚಿಕ್ಕದು ಅವಳಿಗೆ. ಇದನ್ನು ಅತ್ತೆಯೇ ಹಂಚಿದ್ದು. ಮುಗಿದ ಮೇಲೆ ಯಾರ ಕೈ ಮೇಲು ಅಂತ ಹಡಗಿನ ಸಾಹೇಬರೇ, ಹೊರಗಿನವರೇ ಬಂದು ಹೇಳುತ್ತಾರೆ. ಅಷ್ಟು ವರ್ಷದ ಪೈಪೋಟಿಗೆ ಒಂದು ತೀರ್ಪು ಸಿಗುತ್ತದೆ. ನನಗೆ ಹಡಗೂ ಬೇಡ, ಕಡಲೂ ಬೇಡ, ಆ ತೀರ್ಪೊಂದು ಬೇಕಾಗಿತ್ತು. ಅದಕ್ಕೆಂದು ಚಾಮುಂಡಿಗೆ ಹರಕೆ ಕೂಡ ಹೊತ್ತಿದ್ದೆ, ಯಾರಿಗೂ ಹೇಳದೆ.

ಬಟ್ಟೆಯ ಪಟ್ಟಿಗಳನ್ನು ಬಂದರಿನಿಂದಲೇ ಕತ್ತರಿಸಿ ನಂಬರು ಹಾಕಿ ಕಳಿಸಿದ್ದರು. ಒಂದು ಪಟ್ಟಿಯ ಅಂಚು ಇನ್ನೊಂದರ ಮೇಲೆ ಎಷ್ಟು ಕೂರಬೇಕು ಅಂತ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಆ ಗೆರೆ ನೋಡಿದ ತಕ್ಷಣ ನನಗೆ ನಗು ಬಂತು. ನೆಟ್ಟಗೇ ಇರಲಿಲ್ಲ. ಪಟ್ಟಿಯ ನಡುವೆ ಎರಡು ಬೆರಳಗಲ ಇದ್ದದ್ದು ತುದಿಗೆ ಹೋಗುತ್ತಾ ಹೋಗುತ್ತಾ ನಾಲ್ಕು ಬೆರಳಾಗಿತ್ತು. ನಮ್ಮ ಮನೆಯಲ್ಲಿ ಹೀಗೆ ಜೋಡಿಸಿದ್ದರೆ ಅತ್ತೆ ಬೀದಿಗೆ ಎಸೆಯುತ್ತಿದ್ದರು. ತಾರ್ಪಾಲಿಗೆ ಇರುವುದು ಒಂದೇ ಧರ್ಮ: ಎಲ್ಲೂ ಹೊಟ್ಟೆ ಬರಬಾರದು. ಹೊಟ್ಟೆ ಬಂದ ಕಡೆ ಮಳೆ ನೀರು ನಿಲ್ಲುತ್ತದೆ, ನೀರು ನಿಂತರೆ ಸೋರುತ್ತದೆ, ಸೋರಿದರೆ ಲಾರಿ ತುಂಬ ಸಕ್ಕರೆ ಪಾಕ. ಜೋಡಣೆ ಮೊದಲಿಂದ ಕೊನೆವರೆಗೆ ಒಂದೇ ಅಗಲ ಇರಬೇಕು, ಹರಡಿದರೆ ನೆಲಕ್ಕೆ ಚಾಪೆಯಂತೆ ಅಂಟಿಕೊಳ್ಳಬೇಕು. ಇಪ್ಪತ್ತು ವರ್ಷ ಈ ಧರ್ಮಕ್ಕೇ ದುಡಿದ ಕೈ ನನ್ನದು. ಕರಾವಳಿಯವರಿಗೆ ಸ್ಕೇಲು ಹಿಡಿಯಲು ಬರುವುದಿಲ್ಲ ಅಂದುಕೊಂಡು, ಅವರ ಗೆರೆ ಒರೆಸಿ, ನನ್ನ ಸ್ಕೇಲಿಟ್ಟು ನೆಟ್ಟಗೆ ಹೊಸ ಗೆರೆ ಎಳೆದೆ.

ಓರಗಿತ್ತಿ ಎದ್ದು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಗೆರೆ ಒರೆಸಿದ ಜಾಗವನ್ನು ಬೆರಳಲ್ಲಿ ಮುಟ್ಟಿದಳು. "ಅಕ್ಕ, ಎಲ್ಲಾ ಪಟ್ಟೀಲೂ ಒಂದೇ ತರ ಡೊಂಕು ಅದೆ. ತಪ್ಪಾಗಿದ್ರೆ ಒಂದೊಂದ್ರಲ್ಲಿ ಒಂದೊಂದು ತರ ಇರ್ತಿತ್ತು. ಬೇಕಂತ್ಲೇ ಹಿಂಗೆ ಮಾಡವ್ರೆ ಅನ್ಸುತ್ತೆ. ಆ ಸಾಹೇಬ್ರಿಗೆ ಒಂದು ಫೋನ್ ಮಾಡಿ ಕೇಳಾಣ."

ಸರಿಯಾದ ಮಾತು. ನನಗೂ ಒಳಗೆ ಎಲ್ಲೋ ಒಂದು ಕಡೆ ಸರಿಯೆನಿಸಿತು. ಆದರೆ ಹೇಳಿದವಳು ಅವಳು.

"ನಮಗೆ ಕೆಲಸ ಬರಾಕಿಲ್ಲ ಅಂತ ನಾವೇ ಫೋನ್ ಮಾಡಿ ಸಾರಬೇಕಾ? ನಿನ್ನದು ನೀನು ನೋಡ್ಕ ಹೋಗಮ್ಮಿ" ಅಂದೆ.

ಅವಳು ಎದ್ದು ಹೋದಳು. ಫೋನೂ ಮಾಡಲಿಲ್ಲ, ನನ್ನನ್ನು ದಾಟಿ ಮಾಡುವವಳಲ್ಲ. ತನ್ನ ಹಾಯಿಯನ್ನು ಮಾತ್ರ ಆ ಡೊಂಕು ಗೆರೆಯ ಮೇಲೇ ಹೊಲಿದಳು.

ಇಪ್ಪತ್ತು ದಿನ ಹೊಲಿದೆವು. ಒಂದು ದಬ್ಬಳದುದ್ದಕ್ಕೆ ಇಷ್ಟೇ ಹೊಲಿಗೆ ಬೀಳಬೇಕು ಅಂತ ಸಾಹೇಬರು ಹೇಳಿದ್ದರು. ನಾನು ಅದಕ್ಕಿಂತ ಒಂದು ಹೆಚ್ಚೇ ಹಾಕಿದೆ. ಮಧ್ಯೆ ಮಧ್ಯೆ ಕತ್ತೆತ್ತಿ ಅವಳ ಕಡೆ ನೋಡುತ್ತಿದ್ದೆ, ಎಷ್ಟು ಪಟ್ಟಿ ಆಯಿತು ಅಂತ. ಅವಳು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಅದಕ್ಕೂ ನನಗೆ ಕೋಪ.

ಮುಗಿದ ದಿನ ಅತ್ತೆ ಆಟೋದಲ್ಲಿ ಬಂದು ಇಳಿದರು. ನನ್ನ ದೊಡ್ಡ ಹಾಯಿ ಮಂಟಪದ ನೆಲಕ್ಕೆ ಸುಣ್ಣ ಬಳಿದ ಹಾಗೆ ಕೂತಿತ್ತು, ಒಂದು ಸುಕ್ಕಿಲ್ಲ. ಅವಳದು ನಡುವೆಲ್ಲ ಉಬ್ಬಿಕೊಂಡು, ಎಳೆದಲ್ಲೆಲ್ಲ ಮಡಿಕೆ ಬಿದ್ದು, ಒಗೆದು ಹಿಂಡಿಟ್ಟ ಬಟ್ಟೆಯಂತೆ ಬಿದ್ದಿತ್ತು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದರು. "ಏನಮ್ಮಿ ಇದು? ತುಂಬಿದ ಬಸುರಿ ಹೊಟ್ಟೆ ಇದ್ದಂಗದೆ. ನಿಮ್ಮಕ್ಕನ್ನ ನೋಡಿ ಕಲ್ತ್ಕಬಾರ್ದಾ?" ಅಂದರು.

ಮಕ್ಕಳಿಲ್ಲದ ಹೆಂಗಸಿಗೆ ಆಡುವ ಮಾತೇ ಅದು? ಅತ್ತೆ ಬೇಕೆಂದು ಆಡಲಿಲ್ಲ, ಬಾಯಿಗೆ ಬಂದದ್ದು. ಅವಳು ತಲೆ ತಗ್ಗಿಸಿ ದಾರದ ಚೂರುಗಳನ್ನು ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನನಗೆ ಹಾಲು ಕುಡಿದಂತಾಯಿತು. ನಕ್ಕೆ ಕೂಡ. ಆ ನಗುವನ್ನು ಅವಳು ಕೇಳಿಸಿಕೊಂಡಳು.

ಎರಡು ದಿನ ಬಿಟ್ಟು ಸಾಹೇಬರು ಬಂದರು. ನೆಲದ ಮೇಲೆ ಬಿಡಿಸಿ ತೋರಿಸಲು ನಾನು ಕಾದಿದ್ದರೆ ಅವರು ನೆಲದ ಮೇಲೆ ನೋಡಲೇ ಇಲ್ಲ. ಗಾಳಿಗೆ ಹಿಡಿದು ನೋಡಬೇಕು ಅಂದರು. ಊರಾಚೆ ಕೆರೆ ಏರಿ ಮೇಲೆ ಆಷಾಢದ ಗಾಳಿ ಸೀರೆ ಸೆರಗು ನಿಲ್ಲದಂತೆ ಬೀಸುತ್ತಿತ್ತು. ಶಾಮಿಯಾನದವರ ಉದ್ದ ಬಿದಿರ ಗಳಗಳನ್ನು ನೆಟ್ಟು, ಹಗ್ಗ ಬಿಗಿದು, ಮೊದಲು ಚಿಕ್ಕದನ್ನು ಏರಿಸಿದರು. ಅವಳು ಹೊಲಿದದ್ದು. ಮೂರು ಮೂಲೆಗೂ ಹಗ್ಗ ಬಿಗಿಯುತ್ತಿದ್ದಂತೆ ಆ ಮಡಿಕೆಗಳೆಲ್ಲ ಎಲ್ಲಿ ಹೋದವೋ ಕಾಣೆ. ಗಾಳಿ ಒಳಗೆ ಬಂದು ಕುಳಿತಿತು. ಹೊಟ್ಟೆ ತುಂಬಿಕೊಂಡು, ಸದ್ದೇ ಇಲ್ಲದೆ, ಗಳಗಳನ್ನು ಕಿತ್ತುಕೊಂಡು ಹೋಗುವ ಹಾಗೆ ಎಳೆಯತೊಡಗಿತು. ನಾಲ್ಕು ಜನ ಗಂಡಸರು ಹಗ್ಗ ಹಿಡಿದು ಹಿಂದಕ್ಕೆ ವಾಲಿದರು. ನಾನು ಅಷ್ಟು ಚೆಂದದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ, ಅದೇ ನನ್ನ ಸಂಕಟ.

ಆಮೇಲೆ ನನ್ನದನ್ನು ಏರಿಸಿದರು. ಅದು ಪಟಪಟ ಬಡಿದುಕೊಂಡಿತು. ಗಾಳಿ ಈ ಕಡೆ ಬಂದು ಆ ಕಡೆ ಜಾರಿ ಹೋಗುತ್ತಿತ್ತು, ಒಳಗೆ ನಿಲ್ಲಲು ಜಾಗವೇ ಇರಲಿಲ್ಲ. ಒಬ್ಬನೇ ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡು ಬೀಡಿ ಸೇದಬಹುದಾಗಿತ್ತು. ಜೋಡಣೆ ತುದಿಯಲ್ಲಿ ಅಗಲವಾದಷ್ಟೂ ಅಂಚು ಒಳಕ್ಕೆ ಎಳೆದುಕೊಂಡು ನಡುವೆ ಹೊಟ್ಟೆ ಬಿಡುತ್ತದೆ, ಹಡಗನ್ನು ಎಳೆಯುವುದು ಆ ಹೊಟ್ಟೆಯೇ ಅಂತ ಸಾಹೇಬರು ಸಮಾಧಾನವಾಗಿಯೇ ಹೇಳಿದರು. ಕೋಪ ಮಾಡಿಕೊಂಡು ಬೈದಿದ್ದರೂ ಸಹಿಸುತ್ತಿದ್ದೆ. ಏರಿ ಮೇಲೆ ನನ್ನ ಗಂಡ, ಮೈದುನ, ಗಳ ಹಿಡಿದ ಶಾಮಿಯಾನದವರು, ನಾವಿಬ್ಬರು. ಸಾಹೇಬರು ನಮ್ಮಿಬ್ಬರ ಕಡೆ ತಿರುಗಿ, ಚಿಕ್ಕದನ್ನು ಹೊಲಿದವರು ಯಾರು, ಇದನ್ನು ಹೊಲಿದವರು ಯಾರು ಅಂತ ಕೇಳಿದರು.

ಇಪ್ಪತ್ತು ವರ್ಷದ ಮಾನ, ಹಿರಿಸೊಸೆಯ ಪಟ್ಟ, ಎಲ್ಲ ಆ ಕೆರೆ ಏರಿ ಮೇಲೆ ಹರಾಜಿಗೆ ನಿಂತಿತ್ತು.

ನನ್ನ ಪಕ್ಕದಿಂದ ಅವಳ ದನಿ ಬಂತು. "ಚಿಕ್ಕದು ನಮ್ಮಕ್ಕಂದು ಸಾ. ಈ ದೊಡ್ಡದು ನಂದು."

ಮೈದುನ ಬಾಯಿ ತೆರೆದ. ಅವಳು ಅವನ ಕಡೆ ಒಂದು ಸಲ ನೋಡಿದಳು, ಅವನು ಬಾಯಿ ಮುಚ್ಚಿದ. ನನ್ನ ಗಂಡ ನೆಲ ನೋಡಿದರು. ನಾನು? ನಾನು ಇಲ್ಲ ಅನ್ನಲಿಲ್ಲ. ಒಂದು ಮಾತು ಸಾಕಿತ್ತು, ಆಡಲಿಲ್ಲ. ಸಾಹೇಬರು ನನಗೆ ಕೈಮುಗಿದು, ಅಮ್ಮ, ಇಷ್ಟು ಚೆನ್ನಾಗಿ ನಮ್ಮ ಕಡಲ ಕಡೆಯವರೇ ಹೊಲಿಯುವುದಿಲ್ಲ ಅಂದರು. ದೊಡ್ಡದನ್ನು ಬಿಚ್ಚಿ ಮತ್ತೆ ಹೊಲಿಯಬೇಕು, ನೀವೇ ಪಕ್ಕದಲ್ಲಿ ಕುಳಿತು ಈ ತಂಗಿಗೆ ಹೇಳಿಕೊಡಬೇಕು ಅಂದರು. ನಾನು ತಲೆ ಆಡಿಸಿದೆ. ಬೇಡಿಕೊಂಡ ತೀರ್ಪು ನನ್ನ ಕಡೆಗೇ ಬಂದಿತ್ತು, ಬಿಸಿ ತುಪ್ಪದ ಹಾಗೆ. ನುಂಗಲೂ ಆಗದು, ಉಗುಳಲೂ ಆಗದು.

ಮತ್ತೆ ಮಂಟಪ. ಶ್ರಾವಣದ ಮೊದಲ ಮುಹೂರ್ತಕ್ಕೆ ಇನ್ನು ಹನ್ನೆರಡೇ ದಿನ. ನನ್ನ ಹಾಯಿಯನ್ನು ನಡುವೆ ಹಾಕಿಕೊಂಡು ಆ ತುದಿಯಿಂದ ಅವಳು, ಈ ತುದಿಯಿಂದ ನಾನು, ನಾನೇ ಹಾಕಿದ ಹೊಲಿಗೆಗಳನ್ನು ಬಿಚ್ಚುತ್ತಾ ಬಂದೆವು. ಬಿಚ್ಚಿದ ಜಾಗಕ್ಕೆ ಅವಳು ನೀರು ಚಿಮುಕಿಸಿ ಉಗುರಿನಿಂದ ಉಜ್ಜುವಳು, ತೂತುಗಳು ಮುಚ್ಚಿಕೊಳ್ಳಲೆಂದು. ಮೂರನೇ ದಿನ ತಡೆಯಲಾಗದೆ ಕೇಳಿದೆ. ಯಾಕೆ ಹಾಗೆ ಹೇಳಿದೆ, ನನ್ನ ಮೇಲೆ ಕನಿಕರವೋ ಅಂದೆ. ಕನಿಕರ ಅಂದಿದ್ದರೆ ನಾನು ಅಲ್ಲೇ ದಬ್ಬಳ ಬಿಸಾಕಿ ಎದ್ದು ಹೋಗುತ್ತಿದ್ದೆ.

ಅವಳು ಹೊಲಿಗೆ ಬಿಚ್ಚುವುದನ್ನು ನಿಲ್ಲಿಸಲಿಲ್ಲ. "ಕನಿಕರ ಯಾಕಕ್ಕ? ನೀ ಗೆದ್ರೆ ಎಲ್ಡು ದಿನ ಮೆರೀತೀಯ, ಆಮೇಲೆ ಸುಮ್ಕಾಯ್ತೀಯ. ಸೋತ್ರೆ ಸಾಯೋ ಗಂಟ ನನ್ನ ಉರ್ದು ಮುಕ್ತೀಯ. ಒಂದೇ ಒಲೆ ಮುಂದೆ ಕುಂತ್ಕಂಡು ಉಣ್ಬೇಕಲ್ಲ ನಾವು."

ನನ್ನನ್ನು ಹೆತ್ತ ತಾಯಿಯೂ ಅಷ್ಟು ಸರಿಯಾಗಿ ಅಳೆದಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಇಷ್ಟು ವರ್ಷ ಅವಳಿಗೆ ಗೊತ್ತಿತ್ತು, ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ಲೆಕ್ಕ ಹಾಕಿಯೇ ನನ್ನ ಜೊತೆ ಸಂಸಾರ ಮಾಡಿದ್ದಳು. ಅವತ್ತು ನನ್ನ ಅಂಗೈಯ ಚರ್ಮದ ಪಟ್ಟಿ ಬಿಚ್ಚಿಟ್ಟು, ಕೈ ಹಿಡಿದು, ಬಟ್ಟೆಯನ್ನು ಹಗ್ಗಕ್ಕೆ ಎಳೆಯದೆ ಸ್ವಲ್ಪ ಸ್ವಲ್ಪವೇ ಉಣಿಸುವುದು ಹೇಗೆ ಅಂತ ತೋರಿಸಿದಳು. ಹಗ್ಗ ಬಿಗಿಯಾಗಿರಲಿ, ಬಟ್ಟೆ ಅದರ ಮೇಲೆ ಸುಖವಾಗಿ ಕೂತಿರಲಿ ಅಂದಳು. ನನ್ನ ಮೆತ್ತನೆ ಅಂಗೈಯಿಂದ ರಕ್ತ ಬಂತು. ಅರಿಶಿನ ಮೆತ್ತಿ ಮತ್ತೆ ಹಿಡಿಸಿದಳು. ಹನ್ನೆರಡು ದಿನದಲ್ಲಿ ನಾನು ಕಲಿತೆ. ಕಲಿತದ್ದಕ್ಕೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಇನ್ನೂ ದೊಡ್ಡ ಹೊಟ್ಟೆಕಿಚ್ಚು. ಮೊದಲು ಅವಳ ಕೈಯ ಮೇಲೆ ಇದ್ದದ್ದು ಈಗ ಅವಳ ಮನಸ್ಸಿನ ಮೇಲೂ ಬಂತು.

ಹಾಯಿಗಳನ್ನು ಕಂಬಕ್ಕೇರಿಸುವ ದಿನ ಸಾಹೇಬರು ನನ್ನನ್ನು ಬಂದರಿಗೆ ಕರೆಸಿಕೊಂಡರು, ಗಂಡನ ಜೊತೆ. ಚಿಕ್ಕ ಹಾಯಿ ಹೊಲಿದ ಅಮ್ಮ ಅಂತ ಎಲ್ಲರಿಗೂ ಪರಿಚಯ ಮಾಡಿಸಿದರು, ಶಾಲು ಹೊದಿಸಿದರು. ಹಡಗಿನ ಮೇಲೆ ಹತ್ತಿಸಿಕೊಂಡು ಸ್ವಲ್ಪ ದೂರ ಕರೆದುಕೊಂಡೂ ಹೋದರು. ಎರಡು ಹಾಯಿಗಳೂ ತುಂಬಿಕೊಂಡು ಹಡಗು ಒಂದು ಕಡೆ ಓರೆಯಾದಾಗ ನಾನು ಕಂಬ ತಬ್ಬಿಕೊಂಡು ನಿಂತೆ. ತಲೆಯೆತ್ತಿ ಚಿಕ್ಕ ಹಾಯಿಯ ಹೊಲಿಗೆ ನೋಡುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹಡಗಿನವನು, ಅಲ್ಲಿ ಮೂಲೆಯಲ್ಲಿ ಹಗ್ಗವನ್ನು ಅದು ಹೇಗೆ ತಿರುಗಿಸಿದಿರಿ ಅಮ್ಮ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ತಲೆ ಸುತ್ತುತ್ತಿದೆ ಅಂದೆ.

ಮನೆಗೆ ಬಂದಾಗ ಅವಳು ಒಲೆ ಮುಂದೆ ಕುಳಿತು ಮುದ್ದೆ ತಿರುವುತ್ತಿದ್ದಳು. ಕೋಲು ಕೈಯಲ್ಲಿ ಹಿಡಿದೇ ತಿರುಗಿ ಕೇಳಿದಳು, "ಎಂಗೆ ತುಂಬ್ಕತ್ತಕ್ಕ?"

ಶಾಲಿನ ವಿಷಯ ಕೇಳಲಿಲ್ಲ. ಸಾಹೇಬರು ಏನಂದರು ಅಂತ ಕೇಳಲಿಲ್ಲ. ಅವಳಿಗೆ ಬೇಕಾದದ್ದು ಅದೊಂದೇ. ಅವಳು ಹೊಲಿದದ್ದು ನೀರಿನ ಮೇಲೆ ಹೇಗೆ ತುಂಬಿಕೊಂಡಿತು, ಅಷ್ಟೇ. ನನ್ನ ಕಣ್ಣಲ್ಲಿ ಅದು ಇನ್ನೂ ಹಾಗೇ ನಿಂತಿತ್ತು. ಹೇಳಿದರೆ ಅವಳಿಗೆ ಸೇರಿಬಿಡುತ್ತದೆ. ಹೇಳದಿದ್ದರೆ ನನ್ನದೊಬ್ಬಳದೇ. "ಏನೋ, ತುಂಬ್ಕತ್ತು" ಅಂದು ಕಾಲು ತೊಳೆಯಲು ಹಿತ್ತಲಿಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ. ಅವಳ ಗುಣ ಅದು, ಒಂದೇ ಸಲ ಕೇಳುವುದು.

ಹೋದ ವರ್ಷ ಅವಳಿಗೆ ಹೊಟ್ಟೆಯಲ್ಲಿ ಕಾಯಿಲೆ ಶುರುವಾಯಿತು. ಮೈಸೂರಿನ ದೊಡ್ಡಾಸ್ಪತ್ರೆಗೆ ನಾನೇ ಜೊತೆಯಲ್ಲಿ ಓಡಾಡಿದೆ. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡುವಳು. ಅಷ್ಟು ದೂರದ ದಾರಿಯಲ್ಲಿ ಎಷ್ಟೋ ಸಲ ಕಡಲಿನ ಮಾತು ತುಟಿಗೆ ಬಂತು. ನಾಳೆ ಹೇಳೋಣ, ಗುಣವಾಗಲಿ ಹೇಳೋಣ ಅಂದುಕೊಂಡೆ. ಗುಣವಾಗಲಿಲ್ಲ. ನಾಲ್ಕು ತಿಂಗಳಲ್ಲಿ ಹೋದಳು.

ಅವಳನ್ನು ಜಗಲಿಯಲ್ಲಿ ಮಲಗಿಸಿದ್ದಾಗ ಲೊಕ್ಕನಹಳ್ಳಿಯಿಂದ ಎರಡು ಟೆಂಪೋ ಜನ ಬಂದರು. ತಮಿಳು ಡ್ರೈವರುಗಳು ಲಾರಿಗಳನ್ನು ಬೀದಿ ತುದಿಯಲ್ಲಿ ನಿಲ್ಲಿಸಿ, ಟವೆಲು ಬಾಯಿಗೆ ಹಿಡಿದುಕೊಂಡು ನಿಂತರು. ಮೇಣದ ಅಜ್ಜಿ ಯಳಂದೂರಿಂದ ಬಸ್ಸು ಹತ್ತಿ ಬಂದಿತ್ತು. ನಾನು ಸತ್ತರೆ ಇಷ್ಟು ಜನ ಬರುತ್ತಾರಾ ಅಂತ ಅಳುತ್ತಲೇ ಎಣಿಸಿದೆ, ಸುಳ್ಳು ಯಾಕೆ ಹೇಳಲಿ. ಅತ್ತೆ ಅವಳ ಬಲಗೈ ಹಿಡಿದುಕೊಂಡು, "ನನ್ನ ಮನೆ ಕೈಯೇ ಓಯ್ತಲ್ಲಪ್ಪೋ" ಅಂತ ಅತ್ತರು. ನಾನು ಎರಡು ಕೈ ಮಡಿಲಲ್ಲಿಟ್ಟುಕೊಂಡು ಅತ್ತೆಯ ಪಕ್ಕದಲ್ಲೇ ಕುಳಿತಿದ್ದೆ. ಹೆಣದ ಮೇಲೂ ಹೊಟ್ಟೆಕಿಚ್ಚು ಪಡಬಹುದು ಅಂತ ನನಗೆ ಅವತ್ತು ಗೊತ್ತಾಯಿತು. ಅದರ ಜೊತೆಗೇ ಇನ್ನೊಂದೂ ಗೊತ್ತಾಯಿತು. ಇನ್ನು ಪೈಪೋಟಿಗೆ ಯಾರೂ ಇಲ್ಲ, ಮತ್ತೆ ಈ ಕೈ ಯಾರಿಗೋಸ್ಕರ ಚೆನ್ನಾಗಿ ಹೊಲಿಯಬೇಕು ಅಂತ. ಆಗ ನಾನು ನಿಜವಾಗಿ ಅತ್ತುಬಿಟ್ಟೆ.

ಮೊನ್ನೆ ಮಧ್ಯಾಹ್ನ ಅಂಗಡಿಗೆ ಫೋನು ಬಂತು. ಹಡಗಿನ ಸಾಹೇಬರು. ಗಾಳಿಮಳೆಗೆ ಸಿಕ್ಕಿ ಚಿಕ್ಕ ಹಾಯಿ ಹರಿದಿದೆ, ಅದನ್ನು ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ, ಹೊಲಿದ ಅಮ್ಮನೇ ಬಂದು ಸರಿ ಮಾಡಿಕೊಡಬೇಕು ಅಂದರು. ಅತ್ತೆ ಜಗಲಿಯಲ್ಲಿದ್ದರು. ಮೈದುನ ಮಿಷನ್ ತುಳಿಯುತ್ತಿದ್ದ. ಬರುತ್ತೇನೆ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು.

"ಅದನ್ನ ಹೊಲ್ದವಳು ತೀರ್ಕಂಡ್ಳು ಸಾ" ಅಂದೆ.

ಮಿಷನ್ ಸದ್ದು ನಿಂತಿತು. ಆ ಕಡೆಯಿಂದ ಸಾಹೇಬರು, ನೀವೇ ಅಲ್ಲವಾ ಅಮ್ಮ, ಬಂದರಿಗೆ ಬಂದಿದ್ದವರು, ಶಾಲು ಹೊದಿಸಿದ್ದು ನಿಮಗೇ ಅಲ್ಲವಾ ಅಂದರು.

"ಬಂದಿದ್ದು ನಾನೇಯ ಸಾ. ಹೊಲ್ದಿದ್ದು ಅವಳು. ಕೆರೆ ಏರಿ ಮೇಲೆ ಪಟಪಟ ಅಂತಿತ್ತಲ್ಲ, ಅದು ನಂದು. ನಾನು ಅವಳ ಓರಗಿತ್ತಿ."

ಮೈದುನ ಮಿಷನ್ ಮೇಲೆ ತಲೆಯಿಟ್ಟುಕೊಂಡಿದ್ದ. ಅತ್ತೆ ಜಗಲಿಯಿಂದ ನನ್ನನ್ನೇ ನೋಡುತ್ತಿದ್ದರು. ಹಾಗಾದರೆ ಈಗ ಅದನ್ನು ಸರಿಮಾಡುವವರು ಯಾರು ಅಂತ ಸಾಹೇಬರು ಕೇಳಿದರು.

"ನಾನೇ ಬತ್ತೀನಿ ಸಾ" ಅಂದೆ. "ಎಂಗೆ ಹೊಲೀಬೇಕು ಅಂತ ಅವಳು ನಂಗೆ ಕಲಿಸ್ಕೊಟ್ಟವ್ಳೆ."